ಬಣ್ಣವನ್ನು ನೋಡಿ ಹೆಸರಿಡಬಹುದೇ?

ಕಡಲು ಇಳಿದ ಹೊತ್ತಿನಲ್ಲಿ ಹಾಜಿ ಅಲಿಯ ಬಂಡೆಗಳತ್ತ ಹೋಗುವ ವಿದ್ಯಾರ್ಥಿಗಳನೇಕರ ಕೈಯಲ್ಲಿ ಈಗ ಮೊಬೈಲು ಇರುತ್ತದೆ. ನೀರುಕುಳಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಜೀವಿಯೊಂದು ಕಂಡೊಡನೆ ಛಾಯಾಚಿತ್ರ. ಮರುಗಳಿಗೆಯಲ್ಲೇ ಯಂತ್ರವನ್ನು ಕೇಳಿ ಲ್ಯಾಟಿನ್ ಭಾಷೆಯ ನಾಮಕರಣ! ಚಿತ್ರ ತೆಗೆಯುವುದು ಸ್ತುತ್ಯವೇ. ನಾಮಕರಣದ ಆತುರ ಮಾತ್ರ ತರವಲ್ಲವೆಂದು ನನ್ನ ಅಭಿಪ್ರಾಯ.

ಚಿಪ್ಪಿಲ್ಲದ ಕಡಲ ಬಸವನಹುಳುವನ್ನೇ ನೋಡಿರಿ. ಬಸವನೆಂಬ ಹೆಸರಿಗೊಪ್ಪುವಂತೆ ಇದರ ಹಲವು ಜಾತಿಗಳಿಗೆ ತಲೆಯ ಮೇಲೆ ಎರಡು ಕೊಂಬುಗಳುಂಟು; ನೀರಿನಲ್ಲಿಯ ವಾಸನೆಯನ್ನು ಗ್ರಹಿಸುವ ಇಂದ್ರಿಯಗಳವು. ಕೆಲವಕ್ಕೆ ಬೆನ್ನಿನ ಹಿಂಭಾಗದಲ್ಲಿ ಹೂವಿನಂತೆ ಅರಳಿದ ಕಿವಿರುಗಳೂ ಇರುತ್ತವೆ. ಚಪ್ಪಟೆಹುಳುವಿನ ಬಳಗವೇ ಬೇರೆ. ಅದು ಎಲೆಯಂತೆ ತೆಳು, ಕಿವಿರಿಲ್ಲ, ಕೊಂಬೆಂದು ತೋರುವುದು ಅನೇಕ ವೇಳೆ ಮುಂದಣ ಅಂಚಿನ ಮಡಿಕೆ ಮಾತ್ರ.

ಇಷ್ಟು ತಿಳಿದರೆ ಸಾಕೆನ್ನುವಿರಾ? ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ಹವಳದ ದಿಬ್ಬಗಳಲ್ಲಿ ಫಿಲಿಡಿಯೆಲ್ಲಾ ಪಸ್ಟುಲೋಸಾ ಎಂಬ ಬಸವನಹುಳುವಿದೆ. ಕರಿಯ ಮೈ, ಅದರ ಮೇಲೆ ನಸುಗೆಂಪು ಗುಳ್ಳೆಗಳು. ಅದು ಸ್ರವಿಸುವ ವಿಷದ್ರವ್ಯಕ್ಕೆ ಹೆದರಿ ಮೀನುಗಳು ದೂರವಿರುತ್ತವೆ. ಇದೇ ವೇಷವನ್ನು ತೊಟ್ಟ ಚಪ್ಪಟೆಹುಳುವೊಂದನ್ನು 1994ರಲ್ಲಿ ವಿಜ್ಞಾನಿಗಳು ವರ್ಣಿಸಿ, ಸ್ಯೂಡೋಸೆರೋಸ್ ಇಮಿಟೇಟಸ್ ಎಂದು ಹೆಸರಿಟ್ಟರು. ಅನುಕರಣವೆಂಬ ಅರ್ಥವು ಹೆಸರಿನಲ್ಲೇ ಇದೆ. ಸಾಲದೆಂಬಂತೆ, ಒಂದು ಜಾತಿಯ ಕಡಲಸೌತೆಯ ಮರಿಯೂ ಫಿಲಿಡಿಯಾ ಬಳಗದ ಬಣ್ಣವನ್ನೇ ತಾಳುತ್ತದೆ. ನಮ್ಮ ಯಕ್ಷಗಾನದವರೂ ತಲೆದೂಗಬೇಕಾದ ವೇಷಗಾರಿಕೆ! ಕಿವಿರನ್ನು ಹುಡುಕೋಣವೆಂದರೆ, ಫಿಲಿಡಿಯಾಗಳ ಕಿವಿರುಗಳು ಬೆನ್ನಿನ ಅಂಚಿನ ಕೆಳಗೆ ಅಡಗಿರುತ್ತವೆ. ಮೇಲಿನಿಂದ ತೆಗೆದ ಒಂದೇ ಚಿತ್ರದಲ್ಲಿ ಅವು ಕಾಣಲಾರವು.

ಹೆಸರು ತಪ್ಪಿದರೇನಂತೆ ಎಂದು ಕೇಳುವವರಿದ್ದಾರೆ. 2017ರಿಂದ ‘ಮರೀನ್ ಲೈಫ್ ಆಫ್ ಮುಂಬೈ’ ಎಂಬ ನಾಗರಿಕ ಪ್ರಯತ್ನದಲ್ಲಿ ಸಾಮಾನ್ಯ ಜನರೂ ಈ ನಗರದ ಕಡಲಜೀವಿಗಳನ್ನು ದಾಖಲಿಸುತ್ತ ಬಂದಿದ್ದಾರೆ. 2018ರಲ್ಲಿ ಆರಂಭವಾದ ಕರಾವಳಿ ರಸ್ತೆಯ ಕಾಮಗಾರಿಗಾಗಿ ಹಾಜಿ ಅಲಿ, ವರ್ಳಿಗಳ ಕಡೆ ಸಮುದ್ರವನ್ನೇ ತುಂಬಲಾಯಿತು. ಅಲ್ಲಿ ಮೊದಲು ಯಾವ ಜೀವಿಗಳಿದ್ದವೆಂದು ನಾಳೆ ಯಾರಾದರೂ ಕೇಳಿದಾಗ ಇಂಥ ಚಿತ್ರಗಳೇ ಸಾಕ್ಷಿ ನುಡಿಯಬೇಕು. ಸುಳ್ಳು ಹೆಸರು ಹೊತ್ತ ಚಿತ್ರವು ಸುಳ್ಳು ಸಾಕ್ಷಿಯಲ್ಲವೇ?

ಆದುದರಿಂದ ತಲೆಯನ್ನೂ ಪಕ್ಕವನ್ನೂ ಬೇರೆ ಬೇರೆಯಾಗಿ ಚಿತ್ರಿಸಿರಿ, ಬಳಿಯಲ್ಲಿ ಅಳತೆಪಟ್ಟಿಯಿರಲಿ, ಸ್ಥಳ, ದಿನಾಂಕ, ಅದು ಏನನ್ನು ತಿನ್ನುತ್ತಿತ್ತೆಂಬುದನ್ನು ಬರೆದಿಡಿರಿ. ಜೀವಿಯನ್ನು ಮಾತ್ರ ಕೈಗೆತ್ತಬೇಡಿರಿ. ಜಾತಿ ತಿಳಿಯದಿದ್ದರೆ ‘ಕಡಲ ಬಸವನಹುಳುವಿನ ಒಂದು ಬಗೆ’ ಎಂದಷ್ಟೇ ಬರೆಯಲು ಸಂಕೋಚವೇಕೆ? ಚಿತ್ರ ಚೆನ್ನಾಗಿದ್ದರೆ, ಬಲ್ಲವರೊಬ್ಬರು ಹತ್ತು ವರ್ಷಗಳ ತರುವಾಯವೂ ಅದಕ್ಕೆ ಹೆಸರನ್ನು ಸೇರಿಸಬಲ್ಲರು.