ಪ್ರಸ್ತಾರ ಹಾಕಿದ ಮೇಲೆ

ಹತ್ತನೇ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪದ್ಯದ ಸಾಲುಗಳನ್ನು ಕೊಟ್ಟು, ಪ್ರಸ್ತಾರ ಹಾಕಿ, ಗಣ ವಿಭಾಗಿಸಿ, ಛಂದಸ್ಸಿನ ಹೆಸರು ಬರೆಯಿರಿ ಎನ್ನುತ್ತಾರೆ. ಹೆಸರು ಬರೆದರೆ ಅಂಕ ಬಂತು, ಪದ್ಯ ಮುಗಿಯಿತು. ಇದರಿಂದ ಬೇಸತ್ತ ರಸಿಕರು, ಕವಿತೆಯನ್ನು ಬಿಡಿಸಿ ನೋಡಲೇಬಾರದು, ಸುಮ್ಮನೆ ಸವಿಯಬೇಕು ಎಂದು ಹಟ ಹಿಡಿಯುತ್ತಾರೆ. ಲೆಕ್ಕ ಮುಗಿದಲ್ಲಿಗೆ ವಿಶ್ಲೇಷಣೆಯೂ ಮುಗಿಯಿತೆಂಬ ನಂಬಿಕೆ ಇಬ್ಬರದೂ. ನನಗೆ ಅದು ಶುರುವಾಗುವುದೇ ಅಲ್ಲಿ.

ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೇ ನೋಡಿ. ಮೂರು, ನಾಲ್ಕು ಮಾತ್ರೆಗಳ ಗಣಗಳು ಎರಡಾವರ್ತಿ ಬಂದರೆ 14 ಮಾತ್ರೆಯ ಒಂದು ಸಾಲು. ಅಂಥವು ಎರಡು. ಮೂರನೆಯ ಸಾಲಿಗೆ ಮೂರಾವರ್ತಿ, ಮೇಲೊಂದು ಗುರು: 23 ಮಾತ್ರೆ. ಉಳಿದರ್ಧವೂ ಹೀಗೆಯೇ, ಒಟ್ಟು 102. ಪರೀಕ್ಷೆಗೆ ಇಷ್ಟು ಸಾಕು, ಓದಿಗೆ ಸಾಲದು. ಸಾಲಿನ ತುದಿಯಲ್ಲಿ ಎಷ್ಟೋ ಸಲ ಪದವೇ ಮುರಿದು ಮುಂದಿನ ಸಾಲಿಗೆ ಹರಿಯುತ್ತದೆ. ಆ ಮುರಿತ ಅಚ್ಚಿನಲ್ಲಿ ಕಾಣುತ್ತದೆಯೇ ಹೊರತು ಗಮಕಿಯ ಕಂಠದಲ್ಲಿ ಕೇಳಿಸುವುದಿಲ್ಲ. ಛಂದಸ್ಸು ನಿಲ್ಲಲು ತಾವು ಕೊಡುವುದು ಉದ್ದ ಸಾಲಿನ ಕೊನೆಯ ಗುರುವಿನಲ್ಲಿ. ಈ ಕಾವ್ಯದ ಲೆಕ್ಕವಿಲ್ಲದಷ್ಟು ಪದ್ಯಗಳು ‘ಎಂದ’ ಎಂಬಲ್ಲಿಗೆ ಮುಗಿಯುತ್ತವೆ. ಕ್ರಿಯಾಪದವನ್ನು ಕಡೆಗಿಡುವುದು ಕನ್ನಡ ವಾಕ್ಯದ ಸಹಜ ನಡೆ. ಪದ್ಯದ ಗುರುವೂ ಅಲ್ಲೇ ಕಾದು ಕೂತಿದೆ. ಆಡಿದ ಮಾತೆಲ್ಲ ಮೊದಲು ಕಿವಿಗೆ ಬಿದ್ದು, ನಿರೂಪಕ ಕಡೆಯಲ್ಲಷ್ಟೇ ತಲೆಹಾಕುತ್ತಾನೆ. ಆ ಸಂಭಾಷಣೆಗಳ ಬಿಸಿಗೆ ಇದೂ ಒಂದು ಕಾರಣ. ಲಕ್ಷ್ಮೀಶನ ವಾರ್ಧಕವೂ ಆರು ಸಾಲಿನದೇ, ಆದರೆ ಐದೈದು ಮಾತ್ರೆಗಳ ನಡೆ, 144 ಮಾತ್ರೆಗಳ ಹರವು. ವರ್ಣನೆ ಅಲ್ಲಿ ಕಾಲು ಚಾಚಿ ಕೂರಬಲ್ಲದು. ‘ಷಟ್ಪದಿ’ ಎಂದು ಗುರುತಿಸಿ ಕೈತೊಳೆದುಕೊಂಡವರಿಗೆ ಈ ಎರಡು ವೇಗ ತಿಳಿಯುವುದೇ ಇಲ್ಲ.

ಅಲಂಕಾರದ ಮಾತೂ ಇಷ್ಟೆ. ಉಪಮೇಯ, ಉಪಮಾನ ಹೆಕ್ಕುವುದು ಆರಂಭದ ಕೆಲಸ. ಅಲಂಕಾರವನ್ನು ಸಮಯವರಿತು ಹಿಡಿಯಬೇಕು, ಸಮಯವರಿತು ಬಿಡಬೇಕು ಎಂದ ಆನಂದವರ್ಧನನಿಗೆ ಅದು ರಸಕ್ಕೆ ದುಡಿಯಬೇಕಾದ ಆಳು. ಕವಿ ಅದನ್ನು ಎಲ್ಲಿ ಬಿಟ್ಟ ಎಂದು ನಮ್ಮ ಪ್ರಶ್ನೆಪತ್ರಿಕೆಗಳು ಕೇಳುವುದಿಲ್ಲ.

ಬಿಟ್ಟದ್ದನ್ನು ಗುರುತಿಸಲು ಚರಿತ್ರೆ ಗೊತ್ತಿರಬೇಕು. ಸಾಲುಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಆದಿಪ್ರಾಸದ ಕಟ್ಟು ಕನ್ನಡ ಕಾವ್ಯವನ್ನು ಸಾವಿರ ವರ್ಷ ಆಳಿತು. ಹಾಗಾಗಿಯೇ 1911ರಲ್ಲಿ ಗೋವಿಂದ ಪೈಗಳು ಪ್ರಾಸ ಬಿಟ್ಟದ್ದು ದೊಡ್ಡ ಸುದ್ದಿ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ನಲ್ಲಿ ರಗಳೆಯ ಐದು ಮಾತ್ರೆಯ ನಡೆಯನ್ನು ಉಳಿಸಿಕೊಂಡು, ಪ್ರಾಸವನ್ನೂ ಸಾಲಿನ ತುದಿಯ ನಿಲುಗಡೆಯನ್ನೂ ತೆಗೆದುಹಾಕಿದ್ದರಿಂದ ವಾಕ್ಯ ಹತ್ತಾರು ಸಾಲು ಓಡಲು ದಾರಿಯಾಯಿತು. ಇಂದಿನ ಮುಕ್ತಛಂದದ ಕವಿತೆಗೆ ‘ಪ್ರಾಸವಿಲ್ಲ’ ಎಂದು ಷರಾ ಬರೆದರೆ ಏನನ್ನೂ ಹೇಳಿದಂತಾಗಲಿಲ್ಲ. ಗದ್ಯದಂತೆ ನಡೆಯುತ್ತಿದ್ದ ಸಾಲುಗಳ ನಡುವೆ ಹಳೆಯ ಐದು ಮಾತ್ರೆ ಥಟ್ಟನೆ ತಲೆಯೆತ್ತಿದರೆ, ಅದು ಯಾವ ಮಾತಿನ ಬಳಿ ಎತ್ತಿತು, ಎಲ್ಲಿ ಮತ್ತೆ ಅಡಗಿತು ಎಂದು ನೋಡುವವರು ಮಾತ್ರೆ ಎಣಿಸಲು ಕಲಿತವರೇ ಆಗಿರುತ್ತಾರೆ.