ಕುಲುಮೆಗೂ ಮೊದಲಿನ ಲೆಕ್ಕ

ವಿಮಾನ ನೆಲಕ್ಕಿಳಿಯುವ ಕ್ಷಣದಲ್ಲಿ ಅದರ ಭಾರ ಮತ್ತು ಆಘಾತ ಎರಡೂ ಬೀಳುವುದು ಲ್ಯಾಂಡಿಂಗ್ ಗೇರ್‌ನ ಕೆಲವೇ ಉಕ್ಕಿನ ಭಾಗಗಳ ಮೇಲೆ. ದಶಕಗಳಿಂದ ಈ ಜಾಗಕ್ಕೆ ಹೆಚ್ಚಾಗಿ ಬಳಕೆಯಾಗುತ್ತ ಬಂದದ್ದು 300ಎಂ ಎಂಬ ಉಕ್ಕು. ಬಲದಲ್ಲಿ ಅದಕ್ಕೆ ಕೊರತೆಯಿಲ್ಲ, ಆದರೆ ತುಕ್ಕು ಹಿಡಿಯುತ್ತದೆ. ತುಕ್ಕು ತಡೆಯಲು ಕ್ಯಾಡ್ಮಿಯಂ ಲೇಪ ಕೊಡಬೇಕು. ಕ್ಯಾಡ್ಮಿಯಂ ಕ್ಯಾನ್ಸರ್ ತರಬಲ್ಲ ವಿಷ. ಲೇಪದ ಹೊತ್ತಿನಲ್ಲಿ ಒಳನುಸುಳುವ ಹೈಡ್ರೋಜನ್ ಉಕ್ಕನ್ನು ಪೆಡಸಾಗಿಸುವ ಅಪಾಯ ಬೇರೆ.

ಹಾಗಾದರೆ ಸ್ಟೇನ್‌ಲೆಸ್ ಉಕ್ಕನ್ನೇ ಅಷ್ಟು ಬಲಿಷ್ಠವಾಗಿಸಬಾರದೇಕೆ? ಕೇಳಲು ಸರಳವಾದ ಈ ಪ್ರಶ್ನೆಗೆ ಉತ್ತರ ಬಹುಕಾಲ ಸಿಕ್ಕಿರಲಿಲ್ಲ. ತುಕ್ಕು ತಡೆಯಲು ಶೇ 10ರಷ್ಟಾದರೂ ಕ್ರೋಮಿಯಂ ಬೇಕು. ಕ್ರೋಮಿಯಂ ಹೆಚ್ಚಿದಷ್ಟೂ, ಕಾಯಿಸಿದ ಉಕ್ಕನ್ನು ತಣಿಸಿದಾಗ ಅದು ಗಡುಸಾದ ಮಾರ್ಟೆನ್ಸೈಟ್ ಆಗಿ ಬದಲಾಗತೊಡಗುವ ಉಷ್ಣತೆ ಕೆಳಗಿಳಿಯುತ್ತದೆ. ಅದು ತೀರಾ ಇಳಿದರೆ ಮೆತ್ತನೆಯ ಆಸ್ಟೆನೈಟ್ ಉಳಿದುಬಿಡುತ್ತದೆ. ಬಲಕ್ಕಾಗಿ ಇಂಗಾಲ ಸೇರಿಸಿದರೆ ಅದು ಕ್ರೋಮಿಯಂ ಜತೆ ಕೂಡಿ ದಪ್ಪ ಕಾರ್ಬೈಡ್ ಕಣಗಳಾಗುತ್ತದೆ. ಆ ಕಣಗಳು ಬಿರುಕಿಗೆ ದಾರಿಮಾಡುವುದಲ್ಲದೆ, ತುಕ್ಕಿನ ಕಾವಲಿಗೆಂದು ಹಾಕಿದ ಕ್ರೋಮಿಯಂ ಅನ್ನೂ ನುಂಗಿಹಾಕುತ್ತವೆ.

ಇಂಥ ಗಂಟನ್ನು ಬಿಡಿಸಲು ಹಿಂದಿನ ದಾರಿ ಎರಕ ಹೊಯ್ದು ನೋಡುವುದು. ಒಂದೊಂದು ಧಾತುವನ್ನು ತುಸು ಹೆಚ್ಚು ಕಡಿಮೆ ಮಾಡುವುದು, ಮುರಿದು ನೋಡುವುದು, ಮತ್ತೆ ಕರಗಿಸುವುದು. ಹತ್ತು ಧಾತುಗಳನ್ನು ತಲಾ ಹತ್ತು ಪ್ರಮಾಣಗಳಲ್ಲಿ ಪರೀಕ್ಷಿಸಲು ಹೊರಟರೆ ಸಾವಿರ ಕೋಟಿ ಎರಕಗಳಾಗುತ್ತವೆ. ಯಾವ ಕಾರ್ಖಾನೆಗೂ ಅಷ್ಟು ಆಯುಷ್ಯವಿಲ್ಲ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿದ್ದ ಗ್ರೆಗ್ ಓಲ್ಸನ್ ಹಿಡಿದ ದಾರಿ ಬೇರೆ. ಬೇಕಾದ ಗುಣಗಳನ್ನು ಮೊದಲು ಬರೆದುಕೊಂಡು, ಅವಕ್ಕೆ ಎಂಥ ಒಳರಚನೆ ಬೇಕೆಂದು ನಿರ್ಧರಿಸಿ, ಆ ಒಳರಚನೆ ಕೊಡುವ ಮಿಶ್ರಣವನ್ನು ಲೆಕ್ಕದಿಂದ ಹುಡುಕುವುದು. ಅವರೂ ಸೇರಿ 1997ರಲ್ಲಿ ಕಟ್ಟಿದ ಕ್ವೆಸ್‌ಟೆಕ್ ಕಂಪನಿ ಹೀಗೆ ರೂಪಿಸಿದ್ದೇ ಫೆರಿಯಮ್ ಎಸ್53. ಶೇ 14ರಷ್ಟು ಕೋಬಾಲ್ಟ್, 10ರಷ್ಟು ಕ್ರೋಮಿಯಂ, 5.5ರಷ್ಟು ನಿಕಲ್, ಸ್ವಲ್ಪ ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್, ಕೇವಲ ಶೇ 0.2ರಷ್ಟು ಇಂಗಾಲ. ಇಲ್ಲಿ ಒಂದೊಂದಕ್ಕೂ ಕಾರಣವಿದೆ. ಕ್ರೋಮಿಯಂ ಕೆಳಗೆಳೆದ ಮಾರ್ಟೆನ್ಸೈಟ್ ಉಷ್ಣತೆಯನ್ನು ಕೋಬಾಲ್ಟ್ ಮೇಲೆತ್ತುತ್ತದೆ. ಹದ ಮಾಡುವಾಗ ದಪ್ಪ ಕಾರ್ಬೈಡ್‌ಗಳ ಬದಲು ಎಂ2ಸಿ ಎಂಬ, ಬರಿಯ ಮೂರು ನ್ಯಾನೋಮೀಟರ್ ಆಸುಪಾಸಿನ ಕಣಗಳು ಮೂಡುವಂತೆ ಇಂಗಾಲಕ್ಕೂ ಮಾಲಿಬ್ಡಿನಂಗೂ ಅನುಪಾತ ಕೂಡಿಸಲಾಗಿದೆ. ಅಷ್ಟೇ ಇಂಗಾಲ ಹೆಚ್ಚು ಸಂಖ್ಯೆಯ ಸಣ್ಣ ಕಣಗಳಾಗಿ ಹಂಚಿಹೋದರೆ ಬಲ ಹೆಚ್ಚು. ಉಳಿದ ಕ್ರೋಮಿಯಂ ಲೋಹದಲ್ಲೇ ಇದ್ದು ಮೇಲ್ಮೈ ಕಾಯುತ್ತದೆ. ಸುಮಾರು 2,000 ಮೆಗಾಪಾಸ್ಕಲ್ ಎಳೆತ ತಾಳುವ ಈ ಸ್ಟೇನ್‌ಲೆಸ್ ಉಕ್ಕಿನ ಲ್ಯಾಂಡಿಂಗ್ ಗೇರ್ ಭಾಗ 2010ರಲ್ಲಿ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಹಾರಿತು. ಕಂಪನಿಯ ಮುಂದಿನ ಉಕ್ಕು ಎಂ54. ಅದೇ ವರ್ಗದ ಏರ್‌ಮೆಟ್ 100 ಉಕ್ಕಿನಲ್ಲಿ ಶೇ 13ಕ್ಕೂ ಹೆಚ್ಚು ಕೋಬಾಲ್ಟ್ ಇದ್ದರೆ ಇದರಲ್ಲಿ ಶೇ 7 ಮಾತ್ರ. ಜಗತ್ತಿನ ಕೋಬಾಲ್ಟ್‌ನ ಬಹುಪಾಲು ಕಾಂಗೋದ ಗಣಿಗಳಿಂದಲೇ ಬರುತ್ತಿರುವಾಗ ಇದು ಸಣ್ಣ ಉಳಿತಾಯವಲ್ಲ.

ಈ ಲೆಕ್ಕದ ಬೇರು 1870ರ ದಶಕದಲ್ಲಿದೆ. ಒಂದು ಉಷ್ಣತೆಯಲ್ಲಿ ಒಂದು ಮಿಶ್ರಣ ಯಾವ ರೂಪದಲ್ಲಿ ನೆಲೆಯೂರುತ್ತದೆ ಎಂಬುದನ್ನು ಮುಕ್ತ ಶಕ್ತಿ ಎಂಬ ಒಂದೇ ಪರಿಮಾಣದಿಂದ ಹೇಳಬಹುದೆಂದು ಜೊಸಾಯ ವಿಲಾರ್ಡ್ ಗಿಬ್ಸ್ ತೋರಿಸಿದ್ದ. ಇಳಿಜಾರಿನ ನೀರು ತಗ್ಗು ಹುಡುಕಿ ನಿಲ್ಲುವಂತೆ ಪರಮಾಣುಗಳ ಗುಂಪೂ ಅತಿ ಕಡಿಮೆ ಶಕ್ತಿಯ ನೆಲೆ ಹುಡುಕುತ್ತದೆ. ಉಕ್ಕಿನ ರೂಪಗಳಾದ ಆಸ್ಟೆನೈಟ್, ಫೆರೈಟ್ ಮತ್ತು ಒಂದೊಂದು ಬಗೆಯ ಕಾರ್ಬೈಡಿಗೂ ಉಷ್ಣತೆ, ಸಂಯೋಜನೆಗಳ ಮೇಲೆ ನಿಂತ ಶಕ್ತಿಸೂತ್ರ ಬರೆದರೆ, ಒಟ್ಟು ಶಕ್ತಿ ಕನಿಷ್ಠವಾಗುವ ಜಾಗವನ್ನು ಕಂಪ್ಯೂಟರ್ ಹುಡುಕಿಕೊಡುತ್ತದೆ. ಅಮೆರಿಕದ ಲ್ಯಾರಿ ಕಾಫ್‌ಮನ್ ಈ ಹಾದಿಗೆ ಕ್ಯಾಲ್ಫ್ಯಾಡ್ ಎಂಬ ಹೆಸರಿನ ಶಿಸ್ತು ಕಟ್ಟಿದರು. ಸ್ಟಾಕ್‌ಹೋಮಿನಲ್ಲಿ ಮ್ಯಾಟ್ಸ್ ಹಿಲ್ಲರ್ಟ್ ಬಳಗ 1981ರ ವೇಳೆಗೆ ಥರ್ಮೋ-ಕ್ಯಾಲ್ಕ್ ತಂತ್ರಾಂಶ ಸಿದ್ಧಪಡಿಸಿತು.

ಆದರೆ ಆ ಸೂತ್ರಗಳಲ್ಲಿ ಕೂರುವ ಸಂಖ್ಯೆಗಳು ಗಣಿತದಿಂದ ಉದುರುವುದಿಲ್ಲ. ಯಾರೋ ಒಬ್ಬರು ಎರಡು ಲೋಹಗಳನ್ನು ಬೆರೆಸಿ, ವಾರಗಟ್ಟಲೆ ಕಾಯಿಸಿ, ಹೀರಿಕೊಂಡ ಶಾಖ ಅಳೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಬರೆದಿಡಬೇಕು. ಆಮೇಲೆ ಮೂರು ಲೋಹ. ಹತ್ತು ಧಾತುಗಳ ಉಕ್ಕಿನ ಬಗ್ಗೆ ಕಂಪ್ಯೂಟರ್ ಹೇಳುವುದೆಲ್ಲ ಈ ಎರಡು ಮೂರು ಧಾತುಗಳ ಅಳತೆಗಳನ್ನು ಹಿಗ್ಗಿಸಿ ಮಾಡಿದ ಅಂದಾಜು. ಬುನಾದಿಯಲ್ಲಿ ಒಂದು ಅಳತೆ ತಪ್ಪಿದ್ದರೆ ಮೇಲಿನ ಉತ್ತರ ಎಷ್ಟೇ ನಿಖರವಾಗಿ ಕಂಡರೂ ತಪ್ಪೇ. ಉಕ್ಕು ಬಿರುಕನ್ನು ಎಷ್ಟು ತಡೆಯಬಲ್ಲದು, ಕರಗಿಸುವಾಗ ಉಳಿದ ಕಲ್ಮಶ ಎಲ್ಲಿ ಕುಳಿತಿದೆ ಎಂಬುದನ್ನು ಮುಕ್ತ ಶಕ್ತಿ ಹೇಳುವುದೂ ಇಲ್ಲ. ಎರಕ ಹೊಯ್ಯುವುದು ತಪ್ಪದು. ಎಷ್ಟು ಹೊಯ್ಯಬೇಕೆಂಬುದು ಕಡಿಮೆಯಾಗುತ್ತದೆ.

ಕೇಂಬ್ರಿಜ್‌ನಲ್ಲಿ ಭಾರತೀಯ ಮೂಲದ ಹರಿ ಭಾದೇಶಿಯಾ ಮಾಡಿದ ಕೆಲಸ ಇನ್ನೂ ಕುತೂಹಲದ್ದು. ಬೈನೈಟ್ ಎಂಬ ರಚನೆ ಎಷ್ಟು ಕಡಿಮೆ ಉಷ್ಣತೆಯಲ್ಲಿ ಹುಟ್ಟಬಲ್ಲದೆಂದು ಲೆಕ್ಕ ಹಾಕಿದ ಅವರ ಬಳಗ, ಶೇ 1ರ ಹತ್ತಿರ ಇಂಗಾಲವೂ ಶೇ 1.5ರಷ್ಟು ಸಿಲಿಕಾನ್ ಕೂಡ ಇರುವ ಉಕ್ಕನ್ನು 200 ಡಿಗ್ರಿಯಲ್ಲಿ ಸುಮಾರು ಹತ್ತು ದಿನ ಇಟ್ಟಿತು. ಅಷ್ಟು ಉಷ್ಣತೆ ಅಡುಗೆಮನೆಯ ಓವನ್ನಿನಲ್ಲೂ ಸಿಗುತ್ತದೆ! 20ರಿಂದ 40 ನ್ಯಾನೋಮೀಟರ್ ದಪ್ಪದ ಪದರಗಳ, 2,300 ಮೆಗಾಪಾಸ್ಕಲ್ ಮೀರಿದ ಬಲದ ಉಕ್ಕು ಹೊರಬಂತು. ದುಬಾರಿ ಧಾತುಗಳಾಗಲಿ ಉರುಳೆಯ ಒತ್ತಡವಾಗಲಿ ಅದಕ್ಕೆ ಬೇಕಾಗಲಿಲ್ಲ. ಹತ್ತು ದಿನ ದೀರ್ಘವೆನಿಸಿದಾಗ ಕೋಬಾಲ್ಟ್, ಅಲ್ಯೂಮಿನಿಯಂ ಸೇರಿಸಿದರೆ ಕ್ರಿಯೆ ಚುರುಕಾಗುತ್ತದೆಂದು ತಿಳಿಸಿದ್ದೂ ಮುಕ್ತ ಶಕ್ತಿಯ ಲೆಕ್ಕವೇ.

ಭಾರತದ ಮಾತಿಗೆ ಬರೋಣ. 2018ರಿಂದ ದೇಶ ಕಚ್ಚಾ ಉಕ್ಕಿನ ಉತ್ಪಾದನೆಯಲ್ಲಿ ಜಗತ್ತಿನಲ್ಲೇ ಎರಡನೆಯದು. ಟನ್ನುಗಳಲ್ಲಿ ನಾವು ಬೆಳೆದಿದ್ದೇವೆ. ಪಾಕವನ್ನು ನಾವೇ ರೂಪಿಸುವ ಸಾಮರ್ಥ್ಯ ಅದೇ ವೇಗದಲ್ಲಿ ಬೆಳೆದಿಲ್ಲ. ರೂಪಿಸಬಲ್ಲೆವೆಂಬುದಕ್ಕೆ ಸಾಕ್ಷಿ ಐಎನ್‌ಎಸ್ ವಿಕ್ರಾಂತ್. ಯುದ್ಧನೌಕೆಗೆ ಬೇಕಾದ ಉಕ್ಕು ರಷ್ಯಾದಿಂದ ಸಿಗದಾದಾಗ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ ಮತ್ತು ಸರ್ಕಾರಿ ಉಕ್ಕು ಕಂಪನಿ ಸೈಲ್ ಸೇರಿ ಡಿಎಂಆರ್-249ಎ ಸಿದ್ಧಪಡಿಸಿದವು. ಹೊರಗಿನ ಬಾಗಿಲು ಮುಚ್ಚಿದಾಗ ಮಾತ್ರ ಒಳಗಿನ ಕುಲುಮೆ ಹೊತ್ತಿಸುವ ಈ ರೂಢಿ ಬದಲಾಗಬೇಕು.

ವಿಶೇಷ ಉಕ್ಕಿಗಾಗಿ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ 6,322 ಕೋಟಿ ರೂಪಾಯಿಗಳ ಉತ್ಪಾದನಾ ಪ್ರೋತ್ಸಾಹ ಯೋಜನೆ ತಂದಿತು. ಹೂಡಿಕೆ, ಹೆಚ್ಚುವರಿ ಉತ್ಪಾದನೆ ಅದರ ಮಾನದಂಡ. ಒಳ್ಳೆಯದೇ. ಆದರೆ ಉಕ್ಕನ್ನು ವಿನ್ಯಾಸಗೊಳಿಸುವ ದತ್ತಾಂಶಕ್ಕೆ ಅಲ್ಲಿ ಜಾಗವಿಲ್ಲ. ಉತ್ತಮ ವಾಣಿಜ್ಯ ದತ್ತಾಂಶ ಕೋಶಗಳು ಬೀಗ ಹಾಕಿಯೇ ಬರುತ್ತವೆ. ಶುಲ್ಕ ಕೊಟ್ಟವರಿಗೆ ಉತ್ತರ ಸಿಗುತ್ತದೆ, ಒಳಗಿನ ಸಂಖ್ಯೆ ತಿದ್ದಲು ಆಗದು. ತಂತ್ರಾಂಶದ ವಿಷಯದಲ್ಲಿ ಆ ತೊಡಕಿಲ್ಲ: ಓಪನ್‌ಕ್ಯಾಲ್ಫ್ಯಾಡ್, ಪೈಕ್ಯಾಲ್ಫ್ಯಾಡ್ ಮುಕ್ತವಾಗಿ ಸಿಗುತ್ತವೆ. ಸಾರ್ವಜನಿಕ ಹಣ ಹೋಗಬೇಕಾದ್ದು ಅಳತೆಗೆ.

ಆರಂಭಕ್ಕೆ ವಿಮಾನದ ಉಕ್ಕೇ ಆಗಬೇಕೆಂದಿಲ್ಲ. 2019ರ ಗುಜರಿ ಮರುಬಳಕೆ ನೀತಿಯ ನಂತರ ಹಳೆಯ ವಾಹನಗಳ ಉಕ್ಕು ಹೆಚ್ಚೆಚ್ಚು ಕುಲುಮೆಗೆ ಮರಳಲಿದೆ. ಅದರ ಜತೆ ತಂತಿಯ ತಾಮ್ರವೂ ಡಬ್ಬಿಯ ತವರವೂ ಬರುತ್ತವೆ. ಕರಗಿದ ಉಕ್ಕಿನಿಂದ ಇವನ್ನು ಬೇರ್ಪಡಿಸುವ ಅಗ್ಗದ ವಿಧಾನ ಇನ್ನೂ ಇಲ್ಲ; ಬಿಸಿಯಲ್ಲಿ ಉರುಳಿಸುವಾಗ ಇವು ಮೇಲ್ಮೈಯನ್ನು ಸೀಳುತ್ತವೆ. ಎಷ್ಟು ತಾಮ್ರಕ್ಕೆ ಎಷ್ಟು ನಿಕಲ್ ಸೇರಿಸಿದರೆ ಈ ಸೀಳು ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ಥರ್ಮೋಡೈನಮಿಕ್ಸ್ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ, ಜಮ್‌ಶೆಡ್‌ಪುರದ ರಾಷ್ಟ್ರೀಯ ಲೋಹವಿಜ್ಞಾನ ಪ್ರಯೋಗಾಲಯಗಳು ಅಳೆಯಬಲ್ಲವು. ಪ್ರಯೋಗದ ಎರಕಗಳಿಗೆ, ದಶಕಗಳ ಕಾಲ ಮಿಶ್ರಲೋಹದ ಉಕ್ಕು ಹೊಯ್ದ ಅನುಭವವಿರುವ, 2023ರಲ್ಲಿ ಮುಚ್ಚುವ ಅಂಚಿಗೆ ಬಂದಿದ್ದ ಭದ್ರಾವತಿಯ ವಿಶ್ವೇಶ್ವರಯ್ಯ ಕಾರ್ಖಾನೆಯನ್ನು ಕೇಂದ್ರ ಉಕ್ಕು ಸಚಿವಾಲಯ ಮೊದಲು ಪರಿಗಣಿಸಬೇಕು. ಪ್ರೋತ್ಸಾಹಧನ ಪಡೆಯುವ ಕಂಪನಿಗಳೂ ತಮ್ಮ ಪರೀಕ್ಷೆಯ ಅಳತೆಗಳಲ್ಲಿ ವ್ಯಾಪಾರದ ಗುಟ್ಟು ಬಯಲಾಗದಷ್ಟನ್ನು, ಕೆಲವು ವರ್ಷಗಳ ನಂತರವಾದರೂ, ಸಾರ್ವಜನಿಕ ಕೋಶಕ್ಕೆ ಸೇರಿಸಬೇಕೆಂಬ ಷರತ್ತನ್ನು ಯೋಜನೆಯ ಮುಂದಿನ ಸುತ್ತಿನಲ್ಲೇ ಬರೆಯಬಹುದು.