ನೀಲಗಿರಿ ಎಣ್ಣೆಗೆ ಮೂಗೊಂದೇ ಸಾಕ್ಷಿಯೇ?

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮ್ಮ ಹಿರಿಯರ ಮಾತು. ಹಾಲು ಕೊಳ್ಳುವಾಗ ಇದನ್ನು ನೆನೆಯುವ ನಾವು ನೀಲಗಿರಿ ಎಣ್ಣೆ ಕೊಳ್ಳುವಾಗ ಮಾತ್ರ ಮರೆಯುತ್ತೇವೆ. ತಾಳವಾಡಿ ಸೀಮೆಯ ನಮಗೆ ಊಟಿಗೆ ಹೋಗಿಬಂದವರು ತರುವ ಎಣ್ಣೆಯ ಸೀಸೆ ಹೊಸದೇನಲ್ಲ. ಮುಚ್ಚಳ ತೆಗೆದು ಮೂಸುತ್ತೇವೆ. ಘಾಟು ಮೂಗಿಗೇರಿದರೆ ಅಸಲು ಮಾಲೆಂದು ತೀರ್ಮಾನಿಸುತ್ತೇವೆ. ಈ ತೀರ್ಮಾನ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಆಸ್ಟ್ರೇಲಿಯದ ಕಡೆಯ ಈ ಮರ ಊಟಿಗೆ ಬಂದದ್ದು 1843ರ ಸುಮಾರಿಗೆ. ಬೆಟ್ಟದ ಹೆಸರೇ ಕನ್ನಡದಲ್ಲಿ ಮರದ ಹೆಸರಾಯಿತು. ಇದರ ಎಲೆಗಳನ್ನು ಹಂಡೆಯಲ್ಲಿ ತುಂಬಿ ಉಗಿ ಹಾಯಿಸಿ, ಆ ಉಗಿಯನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೂ ಅದು 100 ಡಿಗ್ರಿಗಿಂತ ಕಡಿಮೆ ಶಾಖದಲ್ಲೇ ಉಗಿಯೊಡನೆ ಹೊರಬರುತ್ತದೆ. ಒಂದರಲ್ಲೊಂದು ಬೆರೆಯದ ಎರಡು ದ್ರವಗಳ ಆವಿಯ ಒತ್ತಡಗಳು ಕೂಡಿಕೊಳ್ಳುವುದೇ ಇದಕ್ಕೆ ಕಾರಣ.

ಸಿನಿಯೋಲಿನ ಒಂದು ಅಣುವಿನಲ್ಲಿ 10 ಇಂಗಾಲ, 18 ಜಲಜನಕ ಹಾಗೂ 1 ಆಮ್ಲಜನಕ ಪರಮಾಣುಗಳಿವೆ. ಔಷಧಿಯ ಎಣ್ಣೆಯಲ್ಲಿ ಇದು ಶೇಕಡಾ 70ಕ್ಕೆ ಕಡಿಮೆ ಇರಬಾರದೆಂದು ಬ್ರಿಟಿಷ್ ಔಷಧ ಸಂಹಿತೆ ವಿಧಿಸುತ್ತದೆ. ಎಣ್ಣೆಯಲ್ಲಿ ಪೈನೀನ್ ಎಂಬ ಇನ್ನೊಂದು ವಸ್ತುವೂ ಸಹಜವಾಗಿಯೇ ಇರುತ್ತದೆ. ಅಗ್ಗದ ಟರ್ಪೆಂಟೈನಿನ ಮುಖ್ಯ ಅಂಶವೂ ಅದೇ! ಆದ್ದರಿಂದ ಟರ್ಪೆಂಟೈನ್ ಬೆರೆಸಿದರೆ ಸಿನಿಯೋಲಿನ ಘಾಟಿನ ಮರೆಯಲ್ಲಿ ಅದು ಅಡಗಿಬಿಡುತ್ತದೆ, ಮೂಗು ಮೋಸಹೋಗುತ್ತದೆ. ಮರದ ಜಾತಿಯೂ ಮುಖ್ಯ. ನಿಂಬೆಯ ವಾಸನೆಯ ನೀಲಗಿರಿ ಜಾತಿಯೊಂದುಂಟು. ಅದರ ಎಣ್ಣೆಯಲ್ಲಿ ಹೆಚ್ಚಾಗಿರುವುದು ಸಿಟ್ರೊನೆಲಾಲ್. ಅದು ಪರಿಮಳಕ್ಕೆ ಒಳ್ಳೆಯದು, ಆದರೆ ಔಷಧಿಯ ನೀಲಗಿರಿ ಎಣ್ಣೆಗೆ ಬದಲಿಯಲ್ಲ.

ಹಾಗಾದರೆ ನಾವು ಮಾಡಬಹುದಾದುದೇನು? ಬಿಳಿಯ ಕಾಗದದ ಮೇಲೆ ಒಂದು ಹನಿ ಹಾಕಿ ಬಿಡೋಣ. ಶುದ್ಧ ಎಣ್ಣೆ ಆರಿಹೋಗುತ್ತದೆ. ಕೊಬ್ಬರಿ ಎಣ್ಣೆ ಬೆರೆತಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಟರ್ಪೆಂಟೈನ್ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ಏಕೆಂದರೆ ಅದೂ ಆರಿಹೋಗುತ್ತದೆ. ಅದಕ್ಕೆ ತಕ್ಕಡಿ ಬೇಕು. 20 ಡಿಗ್ರಿ ಉಷ್ಣತೆಯಲ್ಲಿ 10 ಮಿಲಿಲೀಟರ್ ಒಳ್ಳೆಯ ಎಣ್ಣೆ ಸುಮಾರು 9.1ರಿಂದ 9.3 ಗ್ರಾಂ ತೂಗುತ್ತದೆ. ಅಷ್ಟೇ ಟರ್ಪೆಂಟೈನ್ ಸುಮಾರು 8.6 ಗ್ರಾಂ. ತೂಕ ಕಡಿಮೆಯಾದರೆ ಸಂಶಯಪಡಬೇಕು. ಆದರೆ ಸಂಶಯವೇ ತೀರ್ಪಲ್ಲ. ಕೊನೆಯ ಮಾತನ್ನು ದೊಡ್ಡ ಪ್ರಯೋಗಾಲಯವೇ ಹೇಳಬೇಕು. ತಿಳಿಯದೆ ಮಾರುವವನನ್ನು ಕಳ್ಳನೆನ್ನುವುದು ನ್ಯಾಯವಲ್ಲ.

ಪೋಷಕರಲ್ಲಿ ಒಂದು ವಿನಂತಿ. ಎಣ್ಣೆ ಎಷ್ಟೇ ಶುದ್ಧವಾಗಿರಲಿ, ಮಕ್ಕಳಿಗೆ ಕುಡಿಸಬೇಡಿ, ಎಳೆಗೂಸಿನ ಮೂಗು ಮುಖಕ್ಕೆ ಹಚ್ಚಬೇಡಿ. ಒಂದು ಚಮಚೆಯಷ್ಟು ಹೊಟ್ಟೆಗೆ ಹೋದರೂ ಮಗುವಿಗೆ ಸೆಳವು ಬರಬಹುದು, ಪ್ರಜ್ಞೆ ತಪ್ಪಬಹುದು. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆ ಕಲಬೆರಕೆಗಿಂತಲೂ ಅಪಾಯಕರ. ಸೀಸೆಯನ್ನು ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದಂತೆ, ಮಕ್ಕಳ ಕೈಗೆಟುಕದಂತೆ ಇಡಿ.

ರಸಾಯನಶಾಸ್ತ್ರ ಪರೀಕ್ಷೆಗೆ ಬಾಯಿಪಾಠ ಮಾಡುವ ಪಾಠ ಮಾತ್ರವಲ್ಲ. ಸಾಂದ್ರತೆ, ಬಟ್ಟಿ ಇಳಿಸುವಿಕೆ ಎಂಬ ಮಾತುಗಳನ್ನು ನಾವು ನಮ್ಮ ಕನ್ನಡದಲ್ಲೇ ಕಲಿಯುತ್ತಿದ್ದೇವೆ. ಕಲಿತದ್ದು ಮನೆಯ ಸೀಸೆಯವರೆಗೂ ತಲುಪದಿದ್ದರೆ ಕಲಿತು ಫಲವೇನು? ಮುಂದಿನ ವರ್ಷ ಪ್ರತಿ ತರಗತಿಯವರೂ ಒಂದೊಂದು ಸೀಸೆ ತಂದು ತೂಗಿ ನೋಡೋಣ. ಮೂಗು ಹೇಳಿದ್ದನ್ನು ತಕ್ಕಡಿಯೂ ಒಪ್ಪಲಿ, ಆಮೇಲೆ ನಂಬೋಣ.